ಮನೆಗೆ ಕಾರ್ಪೆಟ್ ಆರಿಸುವುದು ಹೇಗೆ: ಬಣ್ಣವನ್ನು ಕೊನೆಗೆ ನೋಡಿ

ಕಾರ್ಪೆಟ್ ಅಂಗಡಿಯಲ್ಲಿ ಬಹಳ ಜನ ಮೊದಲು ಬಣ್ಣ ನೋಡುತ್ತಾರೆ. ಆಮೇಲೆ ಅಂಗೈಯಲ್ಲಿ ಸವರಿ ಎಷ್ಟು ಮೆತ್ತಗಿದೆ ಅಂತ ನೋಡುತ್ತಾರೆ. ಆಮೇಲೆ ರೇಟು ಕೇಳುತ್ತಾರೆ. ಮೂರೂ ಹಿಡಿಸಿದರೆ ಸುತ್ತಿಸಿಕೊಂಡು ಮನೆಗೆ ತರುತ್ತಾರೆ. ಆದರೆ ಎರಡು ವರ್ಷ ತುಳಿದ ಮೇಲೆ ಅದು ಹೇಗಿರುತ್ತದೆ ಅನ್ನುವುದನ್ನು ಈ ಮೂರರಲ್ಲಿ ಒಂದೂ ಹೇಳುವುದಿಲ್ಲ.

ಮನೆಯ ಕಾರ್ಪೆಟ್ ಸವೆದು ತೂತು ಬೀಳುವುದು ಅಪರೂಪ. ಅದಕ್ಕಿಂತ ಎಷ್ಟೋ ಮೊದಲೇ ಎಳೆಗಳು ಮಲಗಿಬಿಡುತ್ತವೆ. ಬಾಗಿಲಿಂದ ಸೋಫಾವರೆಗೆ ಒಂದು ಕಾಲುದಾರಿ ಮೂಡುತ್ತದೆ. ಎಳೆಗಳ ತುದಿ ಬಿಚ್ಚಿಕೊಂಡು ಮೇಲ್ಭಾಗ ಮಂಕಾಗುತ್ತದೆ. ಕೊಳೆಯಾಗಿದೆ ಅಂದುಕೊಂಡು ತೊಳೆಸಿದರೂ ಮೊದಲಿನ ಹಾಗೆ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಕೊಳೆಗಿಂತ ಜಾಸ್ತಿ ಎಳೆಯೇ ಸೋತಿರುತ್ತದೆ. ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ತುಳಿದ ಎಳೆ ಮತ್ತೆ ಎದ್ದು ನಿಲ್ಲುತ್ತದಾ? ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಯ ಸುತ್ತ ಇವೆ. ಬಣ್ಣದ ಮಾತೂ ಬರುತ್ತದೆ, ಆದರೆ ಅದಕ್ಕೆ ಅವಸರ ಇಲ್ಲ.

ಹೆಜ್ಜೆ 1: ಆ ಜಾಗದಲ್ಲಿ ಏನೇನು ನಡೆಯುತ್ತದೆ?

ಕಾರ್ಪೆಟ್ಟನ್ನು ಇಡೀ ಮನೆಗೆ ಅಂತ ಆರಿಸಬೇಡಿ, ಒಂದೊಂದು ಜಾಗಕ್ಕೆ ಆರಿಸಿ. ಮಲಗುವ ಕೋಣೆಯಲ್ಲಿ ಬೀಳುವುದು ಬರಿಗಾಲು, ಅದೂ ದಿನಕ್ಕೆ ಕೆಲವು ಸಲ. ಹಾಲ್‌ನಲ್ಲಿ ಮನೆಯವರೂ ತುಳಿಯುತ್ತಾರೆ, ಬಂದವರೂ ತುಳಿಯುತ್ತಾರೆ. ಪ್ಯಾಸೇಜ್ ಇನ್ನೂ ಕಷ್ಟದ ಜಾಗ. ಅಲ್ಲಿ ಎಲ್ಲರ ಹೆಜ್ಜೆಯೂ ಅದೇ ಒಂದೂವರೆ ಅಡಿ ಅಗಲದಲ್ಲಿ ಬೀಳುತ್ತದೆ. ಮೆಟ್ಟಿಲಂತೂ ಎಲ್ಲಕ್ಕಿಂತ ಕಠಿಣ, ಪ್ರತಿ ಹೆಜ್ಜೆಯ ಭಾರವೂ ಅಂಚಿನ ಮೇಲೆಯೇ ಬೀಳುತ್ತದೆ.

ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳಿ. ಅಲ್ಲಿ ಚಪ್ಪಲಿ, ಶೂ ಹಾಕಿಕೊಂಡು ಓಡಾಡುತ್ತಾರಾ? ಅಂಬೆಗಾಲಿಡುವ ಮಗು ಇದೆಯಾ? ತಿನ್ನುವುದು, ಕುಡಿಯುವುದು ಅಲ್ಲೇ ಆಗುತ್ತದಾ? ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತದಾ? ಬೆಕ್ಕು, ನಾಯಿ ಇವೆಯಾ?

ಬೆಕ್ಕು ಸಾಕಿದವರು ಲೂಪ್ ಕಾರ್ಪೆಟ್ಟಿನಿಂದ ದೂರ ಇದ್ದರೆ ಒಳ್ಳೆಯದು. ಲೂಪ್ ಅಂದರೆ ಎಳೆಯನ್ನು ಕತ್ತರಿಸದೆ ಕುಣಿಕೆಯಾಗಿಯೇ ಬಿಟ್ಟಿರುವುದು. ಉಗುರು ಒಂದು ಕುಣಿಕೆಗೆ ಸಿಕ್ಕಿದರೆ ಸಾಕು, ಅದು ಒಂದು ಸಾಲು ಉದ್ದಕ್ಕೂ ಬಿಚ್ಚಿಕೊಂಡು ಬರಬಹುದು. ಕತ್ತರಿಸಿದ ಎಳೆಯ ಕಾರ್ಪೆಟ್ಟಿನಲ್ಲಿ ಈ ಭಯ ಇಲ್ಲ.

ವಯಸ್ಸಾದವರು, ವಾಕರ್ ಅಥವಾ ಗಾಲಿಕುರ್ಚಿ ಬಳಸುವವರು ಇರುವ ಕಡೆ ಅಂದಕ್ಕಿಂತ ಎತ್ತರ ಮುಖ್ಯ. ಎಳೆಯ ಎತ್ತರ 13 ಮಿ.ಮೀ., ಅಂದರೆ ಸುಮಾರು ಅರ್ಧ ಇಂಚು, ಮೀರಬಾರದು. ಅಂಚು ಏಳದಂತೆ ನೆಲಕ್ಕೆ ಹಿಡಿದು ಕೂರಬೇಕು. ಓಡಾಡುವ ದಾರಿಗೆ ಅಡ್ಡವಾಗಿ ಹಾಸಿದ ಚಿಕ್ಕ ಕಾರ್ಪೆಟ್ ಎಡವಲು ಹೇಳಿ ಮಾಡಿಸಿದ ವಸ್ತು. ಅಂಥದ್ದು ಬೇಡವೇ ಬೇಡ.

ಅಡುಗೆಮನೆ, ಬಚ್ಚಲಿಗೂ ಕಾರ್ಪೆಟ್ ಬೇಡ. ಒಗೆಯಲು ಬರುವ ಮ್ಯಾಟ್ ಸಾಕು.

ಹೆಜ್ಜೆ 2: ನೆಲ ಒಣಗಿದೆಯಾ ಅಂತ ನೋಡಿ

ಇದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಸಿಮೆಂಟ್ ನೆಲ ಕಣ್ಣಿಗೆ ಒಣಗಿದಂತೆ ಕಂಡರೂ ಕೆಳಗಿನ ಮಣ್ಣಿನ ತೇವ ಅದರ ಮೂಲಕ ಮೇಲೆ ಬರುತ್ತಿರಬಹುದು. ಬರಿ ನೆಲದಲ್ಲಿ ಆ ತೇವ ಗಾಳಿಗೆ ಆರಿಹೋಗುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ಕಾರ್ಪೆಟ್ ಹಾಸಿದರೆ ತೇವ ಅಲ್ಲೇ ಸಿಕ್ಕಿಕೊಂಡು ಬೂಸ್ಟು, ಮುಗ್ಗಲು ವಾಸನೆ ಶುರುವಾಗುತ್ತದೆ. ನೆಲಮಹಡಿಯ ಮನೆಗಳಲ್ಲಿ, ಹೊಸದಾಗಿ ಕಟ್ಟಿದ ಮನೆಗಳಲ್ಲಿ ಇದು ಜಾಸ್ತಿ.

ಪರೀಕ್ಷೆ ಸುಲಭ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಗುಡಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಅಗಲ ಟೇಪ್ ಹಚ್ಚಿ. ಕನಿಷ್ಠ 16 ಗಂಟೆ ಹಾಗೇ ಬಿಡಿ. ಬಿಸಿಲು ಬೀಳುವ ಜಾಗದಲ್ಲಿ ಮಾಡಬೇಡಿ. ತೆಗೆದಾಗ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಸಿಮೆಂಟ್ ಸುತ್ತಲಿನದಕ್ಕಿಂತ ಕಪ್ಪಾಗಿ ಕಂಡರೆ, ನೆಲದಿಂದ ತೇವ ಬರುತ್ತಿದೆ. ಕೋಣೆಯ ನಡುವೆ ಒಂದು, ಹೊರಗೋಡೆಯ ಹತ್ತಿರ ಒಂದು ಹೀಗೆ ಎರಡು ಮೂರು ಕಡೆ ನೋಡಿ.

ತೇವ ಕಂಡರೆ ಅದನ್ನು ಸರಿಪಡಿಸುವವರೆಗೆ ನೆಲಕ್ಕೆ ಅಂಟಿಸುವ ಕಾರ್ಪೆಟ್ ಬೇಡ. ಆಗಾಗ ಎತ್ತಿ ಒಣಗಿಸಬಹುದಾದ ತೆಳುವಾದ ಜಮಖಾನ ಆದೀತು. ತೇವವಿರುವ ನೆಲದ ಮೇಲೆ ಉಣ್ಣೆ, ಸೆಣಬು ಎರಡೂ ಬೇಡ.

ಹೆಜ್ಜೆ 3: ಕೋಣೆ ಪೂರ್ತಿಯೋ, ನಡುವೆ ಹಾಸುವುದೋ?

ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ಟಿನಿಂದ ಕೋಣೆ ಬೆಚ್ಚಗಿರುತ್ತದೆ, ಸದ್ದು ಕಡಿಮೆಯಾಗುತ್ತದೆ, ಹಳೆಯ ನೆಲ ಮುಚ್ಚಿಹೋಗುತ್ತದೆ. ಆದರೆ ಎತ್ತಿ ಒಗೆಯಲು ಆಗುವುದಿಲ್ಲ, ಬಿಸಿಲಿಗೆ ಹಾಕಲು ಆಗುವುದಿಲ್ಲ, ಮನೆ ಬದಲಿಸಿದರೆ ಅದು ಅಲ್ಲೇ ಉಳಿಯುತ್ತದೆ. ನಡುವೆ ಹಾಸುವ ಕಾರ್ಪೆಟ್ಟನ್ನು ತಿರುಗಿಸಬಹುದು, ಇನ್ನೊಂದು ಕೋಣೆಗೆ ಹಾಕಬಹುದು, ಕೊಡವಬಹುದು. ಚಳಿ ಅಷ್ಟೇನೂ ಇಲ್ಲದ ಕಡೆ, ನೆಲ ಚೆನ್ನಾಗಿರುವ ಮನೆಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಕಾರ್ಪೆಟ್ ಟೈಲ್ ಮೂರನೆಯ ದಾರಿ. ಸಾಮಾನ್ಯವಾಗಿ 50 ಸೆಂ.ಮೀ. ಚೌಕದ ತುಂಡುಗಳು. ಒಂದು ತುಂಡಿಗೆ ಕಲೆಯಾದರೆ ಅದೊಂದನ್ನೇ ಬದಲಿಸಬಹುದು. ಮಕ್ಕಳ ಕೋಣೆಗೆ, ಮನೆಯೊಳಗಿನ ಆಫೀಸಿಗೆ ಚೆನ್ನಾಗಿ ಹೊಂದುತ್ತದೆ. ಕೊಳ್ಳುವಾಗಲೇ ಐದಾರು ತುಂಡು ಹೆಚ್ಚಿಗೆ ತಂದಿಟ್ಟುಕೊಳ್ಳಿ, ಮುಂದೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ.

ಹೆಜ್ಜೆ 4: ಎಳೆ ಯಾವುದು?

ಲೇಬಲ್ಲಿನ ಎಲ್ಲ ಮಾತಿನಲ್ಲಿ ಮೊದಲು ಓದಬೇಕಾದ್ದು ಇದನ್ನೇ. ಗಮನಿಸಿ, ಬೇಕಾದ್ದು ಮೇಲಿನ ಎಳೆಯ ವಿವರ. ಹಿಂಬದಿಯ ಹತ್ತಿ, ಸೆಣಬನ್ನೂ ಸೇರಿಸಿ "ನೈಸರ್ಗಿಕ" ಅಂತ ಹೇಳುವುದುಂಟು.

ಉಣ್ಣೆ ಹಳೆಯ ಕುದುರೆ. ತುಳಿದರೆ ಮತ್ತೆ ಎದ್ದು ನಿಲ್ಲುವ ಗುಣ ಅದರ ಹುಟ್ಟಿನಲ್ಲೇ ಇದೆ, ಯಾಕೆಂದರೆ ಉಣ್ಣೆಯ ಎಳೆಗೆ ಸಹಜವಾದ ಸುರುಳಿ ಇದೆ. ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ, ಹತ್ತಿದರೂ ಕರಗಿ ಅಂಟುವುದಿಲ್ಲ. ಸೈಬೀರಿಯಾದ ಅಲ್ಟಾಯ್ ಬೆಟ್ಟಗಳ ಪಜಿರಿಕ್ ಅನ್ನುವಲ್ಲಿ, ಮಂಜುಗಟ್ಟಿದ ಒಂದು ಸಮಾಧಿಯಲ್ಲಿ 1949ರಲ್ಲಿ ಪುರಾತತ್ವಜ್ಞ ಸೆರ್ಗೆಯ್ ರುಡೆಂಕೊ ತಂಡಕ್ಕೆ ಸಿಕ್ಕ ಕಾರ್ಪೆಟ್ ಉಣ್ಣೆಯದೇ. ಸುಮಾರು 2,400 ವರ್ಷ ಹಳೆಯದು, ಇವತ್ತಿಗೂ ಅದರ ಮೇಲಿನ ಕುದುರೆ, ಸಾರಂಗಗಳ ಸಾಲು ಕಾಣುತ್ತದೆ. ಅಷ್ಟು ಬಾಳಿದ್ದು ಮಂಜುಗಡ್ಡೆಯ ದಯೆಯಿಂದ ಅನ್ನಿ, ನಮ್ಮ ಹಾಲ್‌ನಲ್ಲಿ ಆ ಅನುಕೂಲ ಇರುವುದಿಲ್ಲ. ಉಣ್ಣೆಗೆ ನುಸಿ ಹಿಡಿಯುತ್ತದೆ, ಅದರಲ್ಲೂ ಸೋಫಾದ ಅಡಿಯಲ್ಲಿ, ಬೆಳಕು ಬೀಳದ ಕಡೆ. ಬ್ಲೀಚ್ ಮತ್ತು ಕ್ಷಾರ ಜಾಸ್ತಿ ಇರುವ ಸಾಬೂನು ತಾಗಿದರೆ ಎಳೆ ಹಾಳಾಗುತ್ತದೆ. ದುಬಾರಿಯೂ ಹೌದು.

ಕೃತಕ ಎಳೆಗಳಲ್ಲಿ ತುಳಿತಕ್ಕೆ ಎಲ್ಲಕ್ಕಿಂತ ಗಟ್ಟಿ ನೈಲಾನ್. ಪ್ಯಾಸೇಜ್, ಮೆಟ್ಟಿಲು, ಮಕ್ಕಳು ಓಡುವ ಹಾಲ್, ಇವಕ್ಕೆಲ್ಲ ಅದೇ ಸರಿ. ಅದರ ದೌರ್ಬಲ್ಯ ಕಲೆ. ಬಣ್ಣದ ಪಾನೀಯ ಬಿದ್ದರೆ ಅದರಲ್ಲಿನ ಬಣ್ಣ ಎಳೆಯೊಳಗೇ ಇಳಿದುಬಿಡುತ್ತದೆ. ಹಾಗಾಗಿ ನೈಲಾನ್ ಕೊಳ್ಳುವಾಗ ಕಲೆ ತಡೆಯುವ ಲೇಪ ಇದೆಯಾ ಅಂತ ಕೇಳಿ.

ಪಾಲಿಯೆಸ್ಟರ್ ಇದಕ್ಕೆ ತದ್ವಿರುದ್ಧ. ನೀರಿನಂಥ ಕಲೆಗಳು ಅಷ್ಟಾಗಿ ಹಿಡಿಯುವುದಿಲ್ಲ, ಬಣ್ಣ ಗಾಢವಾಗಿ ಹೊಳೆಯುತ್ತದೆ, ಮುಟ್ಟಿದರೆ ಮೆತ್ತಗೆ. ಆದರೆ ತುಳಿದಂತೆ ಮಲಗುತ್ತದೆ, ಎಣ್ಣೆ ಜಿಡ್ಡು ಅಂಟಿದರೆ ಬಿಡುವುದಿಲ್ಲ. ಮಲಗುವ ಕೋಣೆಗೆ ಧಾರಾಳವಾಗಿ ಹಾಕಿ, ಹಾಲ್‌ಗೆ ಯೋಚಿಸಿ.

ಪಾಲಿಪ್ರೊಪಿಲೀನ್ ಅಗ್ಗ, ಅಂಗಡಿಗಳಲ್ಲಿ ಇದರದ್ದೇ ರಾಶಿ. ಇದು ನೀರನ್ನು ಹೀರುವುದೇ ಇಲ್ಲ. ನೀರಿಗಿಂತ ಹಗುರ, ಒಂದು ಎಳೆ ಕಿತ್ತು ಲೋಟದ ನೀರಿಗೆ ಹಾಕಿದರೆ ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ. ಆದರೆ ಎಳೆಗೆ ಗಾಳಿಗುಳ್ಳೆ ಅಂಟಿರಬಾರದು, ಬೆರಳಲ್ಲಿ ಚೆನ್ನಾಗಿ ಹಿಸುಕಿ ಬಿಡಿ. ಇದರ ತೊಂದರೆ ಏನೆಂದರೆ ಬೇಗ ಮಲಗುತ್ತದೆ, ಮತ್ತು ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಭಾರದ ಮೇಜನ್ನು ರಭಸದಿಂದ ಎಳೆದರೆ ಆ ಉಜ್ಜಾಟದ ಬಿಸಿಗೇ ಹೊಳೆಯುವ ಗೆರೆ ಬೀಳುವುದುಂಟು. ಎಳೆ ಮಾಡುವಾಗಲೇ ಬಣ್ಣ ಬೆರೆಸಿರುವುದರಿಂದ ಬಣ್ಣ ಬಿಡುವ ಚಿಂತೆ ಮಾತ್ರ ಕಡಿಮೆ.

ಒಂದು ಹೆಸರಿನ ಬಗ್ಗೆ ಎಚ್ಚರ ಇರಲಿ. ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತ ಮಾರುವುದು ಹೆಚ್ಚಾಗಿ ವಿಸ್ಕೋಸ್, ಅಂದರೆ ಮರ, ಬಿದಿರಿನ ತಿರುಳಿನಿಂದ ಮಾಡಿದ ಎಳೆ. ರೇಷ್ಮೆಯ ಹೊಳಪು ಇರುತ್ತದೆ, ರೇಷ್ಮೆಯ ಬಲ ಇರುವುದಿಲ್ಲ. ಒದ್ದೆಯಾದರೆ ಎಳೆ ಬಲ ಕಳೆದುಕೊಳ್ಳುತ್ತದೆ. ಬರೀ ನೀರು ಚೆಲ್ಲಿದರೂ ಒಣಗಿದ ಮೇಲೆ ಹಳದಿ ಗುರುತು, ಮುದುರಿದ ಎಳೆ ಉಳಿಯಬಹುದು. ಯಾರೂ ತುಳಿಯದ ಮೂಲೆಗೆ ಆದರೆ ಸರಿ. ಸೆಣಬು, ಕತ್ತಾಳೆ ನಾರಿನ ಕಾರ್ಪೆಟ್ ನೋಡಲು ಚೆಂದ, ಆದರೆ ಅವಕ್ಕೂ ನೀರಿನ ಕಲೆ ಕೂರುತ್ತದೆ. ಬರಿಗಾಲಿಗೆ ಸ್ವಲ್ಪ ಚುಚ್ಚುತ್ತದೆ ಕೂಡ.

ಅಂಗಡಿಯವರು ಉಣ್ಣೆ ಅಂದದ್ದು ಉಣ್ಣೆಯೇನಾ? ಅವರ ಒಪ್ಪಿಗೆ ಕೇಳಿ ಒಂದೆರಡು ಎಳೆ ತೆಗೆದುಕೊಳ್ಳಿ. ಹೊರಗೆ ಬಂದು, ಚಿಮುಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್, ಹತ್ತಿಗೆ ಕಾಗದ ಸುಟ್ಟ ವಾಸನೆ. ಎಳೆಯನ್ನು ಕುಚ್ಚಿನಿಂದ ಕೀಳಬೇಡಿ. ಉಣ್ಣೆಯ ಕಾರ್ಪೆಟ್ಟಿನ ಕುಚ್ಚೂ ಹೆಚ್ಚಾಗಿ ಹತ್ತಿಯದೇ ಇರುತ್ತದೆ.

ಹೆಜ್ಜೆ 5: ಎತ್ತರ ಬಿಡಿ, ಒತ್ತು ನೋಡಿ

ಈ ಬರಹದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಉದ್ದ ಎಳೆಯ ದಪ್ಪ ಕಾರ್ಪೆಟ್ ಅಂಗಡಿಯಲ್ಲಿ ಶ್ರೀಮಂತವಾಗಿ ಕಾಣುತ್ತದೆ. ಆದರೆ ಎಳೆಗಳು ಒತ್ತೊತ್ತಾಗಿ ಇಲ್ಲದಿದ್ದರೆ ಒಂದಕ್ಕೊಂದು ಆಸರೆ ಸಿಗುವುದಿಲ್ಲ, ಕಾಲು ಬಿದ್ದ ಕಡೆ ಬಾಗಿ ಮಲಗುತ್ತವೆ. ಗಿಡ್ಡ ಎಳೆ ಒತ್ತಾಗಿದ್ದರೆ ಬಾಗಲು ಜಾಗವೇ ಇರುವುದಿಲ್ಲ.

ಲೆಕ್ಕ ಹೀಗೆ. ಎರಡು ಕಾರ್ಪೆಟ್ ಇವೆ ಅಂದುಕೊಳ್ಳಿ, ಎರಡರಲ್ಲೂ ಚದರ ಮೀಟರಿಗೆ 1,200 ಗ್ರಾಂ ಎಳೆ ಇದೆ. ಒಂದರ ಎಳೆ 8 ಮಿ.ಮೀ. ಎತ್ತರ, ಇನ್ನೊಂದರದು 16 ಮಿ.ಮೀ. 1,200ನ್ನು 8ರಿಂದ ಭಾಗಿಸಿದರೆ 150. 16ರಿಂದ ಭಾಗಿಸಿದರೆ 75. ತೂಕ ಒಂದೇ, ಆದರೆ ಮೊದಲನೆಯದು ಎರಡರಷ್ಟು ಒತ್ತು. ಮಾರುವವರು ಎಳೆಯ ತೂಕವನ್ನು ಮಾತ್ರ ಹೇಳಿದರೆ ಎತ್ತರವನ್ನೂ ಕೇಳಿ, ಭಾಗಿಸಿ ನೋಡಿ. ಒಂದೇ ಜಾತಿಯ ಎಳೆಗಳನ್ನು ಮಾತ್ರ ಹೀಗೆ ಹೋಲಿಸಬೇಕು. ಪಾಲಿಪ್ರೊಪಿಲೀನ್ ಹಗುರವಾದ್ದರಿಂದ ಅದನ್ನು ಉಣ್ಣೆಯ ಜೊತೆ ತೂಗಿದರೆ ಲೆಕ್ಕ ತಪ್ಪುತ್ತದೆ.

ಅಂಕಿ ಸಿಗದಿದ್ದರೆ ಕೈಯಲ್ಲೇ ನೋಡಬಹುದು. ಕಾರ್ಪೆಟ್ಟನ್ನು ಹಿಂದಕ್ಕೆ ಮಡಿಸಿ, ಮೇಲ್ಭಾಗ ಹೊರಗೆ ಬಾಗುವಂತೆ. ಬಾಗಿದ ಕಡೆ ಎಳೆಗಳ ನಡುವೆ ಹಿಂಬದಿಯ ಬಟ್ಟೆ ಅಗಲವಾಗಿ ಕಂಡರೆ ಒತ್ತು ಕಡಿಮೆ. ಬಟ್ಟೆ ಕಾಣಲು ಕಷ್ಟವಾದರೆ ಒಳ್ಳೆಯದು. ಇನ್ನೊಂದು ಪರೀಕ್ಷೆ: ಹೆಬ್ಬೆರಳನ್ನು ಎಳೆಗಳ ನಡುವೆ ನೇರವಾಗಿ ಒತ್ತಿ. ತಕ್ಷಣ ಬುಡ ಸಿಕ್ಕಿದರೆ ಅದು ಬರೀ ತೋರಿಕೆಯ ದಪ್ಪ. ಒತ್ತಿದ ಗುರುತು ಎಷ್ಟು ಹೊತ್ತಿಗೆ ಮಾಯವಾಗುತ್ತದೆ ಅನ್ನುವುದನ್ನೂ ನೋಡಿ.

ಕತ್ತರಿಸಿದ ಎಳೆಯಲ್ಲಿ ಹುರಿಯೂ ಮುಖ್ಯ. ಒಂದು ಎಳೆಯ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ತುದಿಯವರೆಗೂ ಬಿಗಿಯಾಗಿ ಹುರಿಗೊಂಡಿದೆಯಾ, ಈಗಲೇ ಪೊರಕೆಯ ತುದಿಯಂತೆ ಬಿಚ್ಚಿಕೊಂಡಿದೆಯಾ? ಅಂಗಡಿಯಲ್ಲೇ ಬಿಚ್ಚಿಕೊಂಡಿದ್ದು ಮನೆಯಲ್ಲಿ ಬಿಗಿಯಾಗುವುದಿಲ್ಲ.

ಲೂಪ್ ಅಥವಾ ಗಿಡ್ಡ ಒತ್ತಾದ ಎಳೆ ಪ್ಯಾಸೇಜಿಗೆ, ಮೆಟ್ಟಿಲಿಗೆ. ಹುರಿ ಬಿಗಿಯಾದ ನಡು ಎತ್ತರದ್ದು ಹಾಲ್‌ಗೆ. ಉದ್ದ ಎಳೆಯ ಶ್ಯಾಗ್ ಬೇಕೇ ಬೇಕು ಅನ್ನುವವರು ಹಾಸಿಗೆಯ ಪಕ್ಕಕ್ಕೆ ಹಾಕಿಕೊಳ್ಳಿ. ಅದರ ಬುಡಕ್ಕೆ ಇಳಿದ ಧೂಳನ್ನು ತೆಗೆಯುವುದು ಸುಲಭವಲ್ಲ, ವ್ಯಾಕ್ಯೂಮಿನ ತಿರುಗುವ ಬ್ರಷ್‌ಗೆ ಉದ್ದ ಎಳೆ ಸುತ್ತಿಕೊಳ್ಳುತ್ತದೆ.

ಯುರೋಪಿನ ಇಎನ್ 1307 ಮಾನದಂಡದ ಲೇಬಲ್ ಇದ್ದರೆ ಕೆಲಸ ಇನ್ನೂ ಸುಲಭ. ಅದರಲ್ಲಿ ಮನೆ ಬಳಕೆಗೆ 21, 22, 23 ಅಂತ ಮೂರು ದರ್ಜೆ. 21 ಕಡಿಮೆ ಓಡಾಟಕ್ಕೆ, 23 ಹೆಚ್ಚು ಓಡಾಟಕ್ಕೆ. 31ರಿಂದ ಮೇಲಿನವು ವ್ಯಾಪಾರದ ಜಾಗಗಳಿಗೆ.

ಹೆಜ್ಜೆ 6: ತಿರುವಿ ಹಾಕಿ

ಕಾರ್ಪೆಟ್ಟಿನ ನಿಜವಾದ ಜಾತಕ ಇರುವುದು ಹಿಂಬದಿಯಲ್ಲಿ. ಮುಂಭಾಗದ ಚಿತ್ತಾರ ಹಿಂದೆಯೂ ಸ್ಪಷ್ಟವಾಗಿ, ಗಂಟು ಗಂಟಾಗಿ ಕಂಡು, ಸಾಲುಗಳು ಅಲ್ಲಲ್ಲಿ ಕೊಂಚ ಏರುಪೇರಾಗಿದ್ದರೆ ಅದು ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿ. ಅದರ ಕುಚ್ಚು ಬೇರೆ ಹೊಲಿದದ್ದಲ್ಲ, ನೇಯ್ಗೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲೇ ತುದಿಯಲ್ಲಿ ಕುಚ್ಚಾಗಿರುತ್ತದೆ. ಸಾಲುಗಳು ಅಳೆದಂತೆ ಒಂದೇ ಸಮ ಇದ್ದು, ಕುಚ್ಚನ್ನು ಆಮೇಲೆ ಹೊಲಿದಿದ್ದರೆ ಯಂತ್ರದ್ದು. ಹಿಂದೆ ಚಿತ್ತಾರವೇ ಕಾಣದೆ ಒಂದು ಬಟ್ಟೆ ಅಂಟಿಸಿದ್ದರೆ ಅದು ಹ್ಯಾಂಡ್ ಟಫ್ಟೆಡ್ ಇರಬಹುದು. ಅಂದರೆ ಕೈಯಲ್ಲಿ ಹಿಡಿಯುವ ಗನ್ನಿನಿಂದ ಎಳೆಯನ್ನು ಬಟ್ಟೆಗೆ ತೂರಿಸಿ, ಹಿಂದೆ ಲೇಟೆಕ್ಸ್ ಅಂಟು ಹಚ್ಚಿರುತ್ತಾರೆ.

ಹ್ಯಾಂಡ್ ಟಫ್ಟೆಡ್ ಕೆಟ್ಟದ್ದು ಅಂತಲ್ಲ. ಆದರೆ "ಹ್ಯಾಂಡ್‌ಮೇಡ್" ಅನ್ನುವ ಒಂದೇ ಮಾತಿನಲ್ಲಿ ಅದನ್ನೂ ಗಂಟಿನ ಕಾರ್ಪೆಟ್ಟನ್ನೂ ಸೇರಿಸಿ ಮಾರುವುದು ಸಾಮಾನ್ಯ. ಇವೆರಡರ ಆಯುಸ್ಸು ಬೇರೆ ಬೇರೆ. ಗಂಟು ತಲೆಮಾರು ದಾಟಬಲ್ಲದು. ಲೇಟೆಕ್ಸ್ ವರ್ಷಗಳು ಕಳೆದಂತೆ ಒಣಗಿ ಪುಡಿಯಾಗುತ್ತದೆ. ಹಿಂಬದಿಯನ್ನು ಬಗ್ಗಿಸಿದಾಗ ಚಟಚಟ ಅಂದರೆ, ನೆಲದ ಮೇಲೆ ಬಿಳಿ ಪುಡಿ ಉದುರಿದರೆ, ಅದು ಅಂಗಡಿಯಲ್ಲೇ ಹಳತಾಗಿದೆ.

ಗಂಟಿನ ಕಾರ್ಪೆಟ್ ಕೊಳ್ಳುವವರು ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು ಗಂಟು, ಉದ್ದಕ್ಕೆ ಎಷ್ಟು ಗಂಟು ಅಂತ ಎಣಿಸಿ ಗುಣಿಸಿ. 12 ಮತ್ತು 12 ಸಿಕ್ಕರೆ ಚದರ ಇಂಚಿಗೆ 144. ಕೆಲವು ನೇಯ್ಗೆಯಲ್ಲಿ ಒಂದೇ ಗಂಟು ಹಿಂದೆ ಎರಡು ಉಬ್ಬಾಗಿ ಕಾಣುತ್ತದೆ. ಚಿತ್ತಾರದ ಅತಿ ಚಿಕ್ಕ ಬಣ್ಣದ ಚುಕ್ಕೆಯನ್ನು ಹುಡುಕಿ, ಅದೂ ಜೋಡಿ ಉಬ್ಬೇ ಆಗಿದ್ದರೆ ಅಡ್ಡಲೆಕ್ಕವನ್ನು ಅರ್ಧ ಮಾಡಿ. ಗಂಟು ಜಾಸ್ತಿ ಇದ್ದರೆ ಚಿತ್ತಾರ ಸೂಕ್ಷ್ಮವಾಗುತ್ತದೆ. ಆದರೆ ಉಣ್ಣೆ ಕಳಪೆಯಾದರೆ ಗಂಟಿನ ಸಂಖ್ಯೆಯಿಂದ ಏನೂ ಪ್ರಯೋಜನ ಇಲ್ಲ.

ಈ ಉದ್ಯಮದಲ್ಲಿ ಮಕ್ಕಳನ್ನು ದುಡಿಸಿದ ಇತಿಹಾಸವೂ ಇದೆ. ಅದನ್ನು ತಡೆಯಲು 1994ರಲ್ಲಿ ಕೈಲಾಶ್ ಸತ್ಯಾರ್ಥಿ, ಮಕ್ಕಳನ್ನು ದುಡಿಸಿಲ್ಲ ಅಂತ ಹೇಳುವ ರಗ್‌ಮಾರ್ಕ್ ಲೇಬಲ್ ಶುರು ಮಾಡಿದರು. ಅದರ ಈಗಿನ ಹೆಸರು ಗುಡ್‌ವೀವ್. ಕೈನೇಯ್ಗೆಯ ಕಾರ್ಪೆಟ್ ಕೊಳ್ಳುವಾಗ ಆ ಲೇಬಲ್ ಇದೆಯಾ ಅಂತ ಕೇಳಿ.

ಹೆಜ್ಜೆ 7: ಅಳತೆ

ಕಾರ್ಪೆಟ್ ಚಿಕ್ಕದಾದರೆ ಇಡೀ ಕೋಣೆ ಚಿಕ್ಕದಾಗಿ ಕಾಣುತ್ತದೆ. ಹಾಲ್‌ನಲ್ಲಿ ಟೀಪಾಯಿಯ ಅಡಿಗೆ ಮಾತ್ರ ಒಂದು ಚಿಕ್ಕ ತುಂಡು ಹಾಸಿದರೆ ಅದು ಯಾರೋ ಮರೆತು ಹೋದಂತೆ ಬಿದ್ದಿರುತ್ತದೆ. ಸೋಫಾದ ಮುಂದಿನ ಕಾಲುಗಳಾದರೂ ಕಾರ್ಪೆಟ್ ಮೇಲೆ ಬರಲಿ. ಗೋಡೆಗೂ ಅಂಚಿಗೂ ನಡುವೆ ಒಂದಡಿ ಆಸುಪಾಸು ನೆಲ ಬಿಟ್ಟರೆ ಚೆಂದ.

ಊಟದ ಮೇಜಿನ ಅಡಿಯಲ್ಲಿ ಬಹಳ ಜನ ಎಡವುತ್ತಾರೆ. ಕುರ್ಚಿಯನ್ನು ಹಿಂದಕ್ಕೆ ಎಳೆದಾಗಲೂ ಅದರ ನಾಲ್ಕೂ ಕಾಲು ಕಾರ್ಪೆಟ್ ಮೇಲೇ ಇರಬೇಕು, ಇಲ್ಲದಿದ್ದರೆ ಪ್ರತಿ ಸಲ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೇಜಿನ ಸುತ್ತ ಎರಡಡಿ ಬೇಕು. ಮೇಜು 5 ಅಡಿಗೆ 3 ಅಡಿ ಇದ್ದರೆ ನಾಲ್ಕೂ ಕಡೆ ಎರಡೆರಡು ಅಡಿ ಸೇರಿಸಿ: 9ಕ್ಕೆ 7. ಅಂಗಡಿಯಲ್ಲಿ ಸಿಗುವ 6ಕ್ಕೆ 9ರ ಅಳತೆ "ಹತ್ತಿರ ಇದೆಯಲ್ಲ" ಅನ್ನಿಸುತ್ತದೆ, ಆದರೆ ಅಗಲ ಒಂದಡಿ ಸಾಲದು. 8ಕ್ಕೆ 10 ತೆಗೆದುಕೊಳ್ಳಬೇಕು. ಅದಕ್ಕೆ ಜಾಗ ಇಲ್ಲದಿದ್ದರೆ ಆ ಮೇಜಿಗೆ ಕಾರ್ಪೆಟ್ಟೇ ಬೇಡ.

ಮಂಚದ ಎರಡೂ ಪಕ್ಕ ಒಂದೂವರೆಯಿಂದ ಎರಡಡಿ ಹೊರಗೆ ಬಂದರೆ ಸಾಕು, ಎದ್ದಾಗ ಕಾಲು ಅದರ ಮೇಲೇ ಬೀಳುತ್ತದೆ.

ಕೊಳ್ಳುವ ಮೊದಲು ನೆಲದ ಮೇಲೆ ಟೇಪ್ ಅಂಟಿಸಿ ಅಥವಾ ಹಳೆಯ ಪೇಪರ್ ಹಾಸಿ ಆ ಅಳತೆ ಗುರುತು ಮಾಡಿ. ಎರಡು ದಿನ ಹಾಗೇ ಓಡಾಡಿ. ಬಾಗಿಲನ್ನೂ ತೆರೆದು ಮುಚ್ಚಿ ನೋಡಿ. ಬಾಗಿಲಿನ ಅಡಿಯ ಸಂದು ಅಳೆದುಕೊಂಡು ಹೋಗದೆ ಕಾರ್ಪೆಟ್ ತಂದರೆ ಆಮೇಲೆ ಬಡಗಿಯನ್ನು ಕರೆಸಬೇಕಾಗುತ್ತದೆ.

ಗೋಡೆಯಿಂದ ಗೋಡೆಗೆ ಹಾಸುವುದಾದರೆ ರೋಲ್ ಎಷ್ಟು ಅಗಲ ಅಂತ ಮೊದಲು ಕೇಳಿ. ಸಾಮಾನ್ಯವಾಗಿ 12 ಅಡಿ ಅಥವಾ 4 ಮೀಟರ್ ಇರುತ್ತದೆ. ಕೋಣೆ ಅದಕ್ಕಿಂತ ಅಗಲ ಇದ್ದರೆ ಜೋಡಣೆಯ ಗೆರೆ ಬಂದೇ ಬರುತ್ತದೆ. ಅದು ಎಲ್ಲಿ ಬರಬೇಕು ಅಂತ ನೀವೇ ಹೇಳಿ, ಬಾಗಿಲ ಎದುರಿಗೆ ಬರದಂತೆ ನೋಡಿಕೊಳ್ಳಿ. ಎರಡೂ ತುಂಡಿನ ಎಳೆ ಒಂದೇ ದಿಕ್ಕಿಗೆ ಮಲಗಿರಬೇಕು. ಇಲ್ಲದಿದ್ದರೆ ಒಂದೇ ಬಣ್ಣ ಎರಡು ಬಣ್ಣವಾಗಿ ಕಾಣುತ್ತದೆ.

ಹೆಜ್ಜೆ 8: ಈಗ ಬಣ್ಣ

ಅಂಗಡಿಯ ಬೆಳಕನ್ನು ನಂಬಬೇಡಿ. ಅಲ್ಲಿ ಒಂದಕ್ಕೊಂದು ಹೊಂದಿದ ಎರಡು ಬಣ್ಣ ಮನೆಯ ಬಲ್ಬಿನಡಿ ಬೇರೆ ಬೇರೆ ಕಾಣಬಹುದು. ಸ್ಯಾಂಪಲ್ ತುಂಡು ಮನೆಗೆ ತನ್ನಿ. ಅದನ್ನು ಗೋಡೆಗೆ ಒರಗಿಸಿ ನೋಡುವುದಲ್ಲ, ನೆಲಕ್ಕೆ ಹಾಸಿ, ನಿಂತು ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ. ಆಮೇಲೆ ತುಂಡನ್ನು ಅರ್ಧ ಸುತ್ತು ತಿರುಗಿಸಿ. ಎಳೆ ಮಲಗಿರುವ ದಿಕ್ಕಿನ ಮೇಲೆ ಅದೇ ಕಾರ್ಪೆಟ್ ಒಂದು ಕಡೆಯಿಂದ ತಿಳಿಯಾಗಿ, ಇನ್ನೊಂದು ಕಡೆಯಿಂದ ಗಾಢವಾಗಿ ಕಾಣುತ್ತದೆ. ಬಾಗಿಲಿಂದ ಒಳಗೆ ಬರುವಾಗ ನಿಮಗೆ ಯಾವುದು ಕಾಣಬೇಕು ಅನ್ನುವುದನ್ನು ಆಗಲೇ ತೀರ್ಮಾನಿಸಿ.

ಕಡು ಬಣ್ಣ ಕೊಳೆ ಮುಚ್ಚುತ್ತದೆ ಅನ್ನುವುದು ಅರ್ಧ ಸತ್ಯ, ಅಲ್ವಾ? ಕಪ್ಪು, ಕಡು ನೀಲಿಯ ಮೇಲೆ ಧೂಳು, ಕೂದಲು, ದಾರದ ಚೂರು ಎಲ್ಲ ಎದ್ದು ಕಾಣುತ್ತವೆ. ಅಚ್ಚ ಬಿಳಿಯ ಮೇಲೆ ಉಳಿದದ್ದೆಲ್ಲ ಕಾಣುತ್ತದೆ. ಎರಡು ಮೂರು ಛಾಯೆ ಬೆರೆತ ನಡುಬಣ್ಣ, ಅಥವಾ ಚಿಕ್ಕ ಚಿತ್ತಾರ ಇದ್ದರೆ ನೆಮ್ಮದಿ. ಮನೆಗೆ ಬರುವ ಧೂಳಿನ ಬಣ್ಣ ಯಾವುದೋ, ಕಾರ್ಪೆಟ್ ಅದಕ್ಕೆ ಹತ್ತಿರ ಇದ್ದಷ್ಟೂ ಕೆಲಸ ಕಡಿಮೆ. ನಾಯಿ, ಬೆಕ್ಕು ಸಾಕಿದವರು ಅದರ ಕೂದಲಿನ ಬಣ್ಣವನ್ನೇ ಆರಿಸಿಕೊಳ್ಳುವುದೂ ಜಾಣತನವೇ.

ಆ ಸ್ಯಾಂಪಲ್ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಮುಂದೆ ನೆಲಕ್ಕೂ ಹತ್ತುತ್ತದೆ.

ಹೆಜ್ಜೆ 9: ಅಡಿಯ ಹಾಸು

ಕಾರ್ಪೆಟ್ಟಿನ ಅಡಿಗೆ ಹಾಕುವ ಪ್ಯಾಡಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಆದರೆ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ತುಂಬ ಮೆತ್ತಗಿನ ದಪ್ಪ ಪ್ಯಾಡ್ ಮೇಲೆ ಕಾರ್ಪೆಟ್ ಪ್ರತಿ ಹೆಜ್ಜೆಗೂ ಬಾಗುತ್ತದೆ, ಹಿಂಬದಿ ಬಿರಿಯುತ್ತದೆ, ಜೋಡಣೆ ಬಿಡುತ್ತದೆ. ಸಾಮಾನ್ಯವಾಗಿ 11 ಮಿ.ಮೀ. ಮೀರಬಾರದು, ಲೂಪ್‌ಗೆ ಅದಕ್ಕಿಂತ ತೆಳುವಾದ, ಗಟ್ಟಿಯಾದ ಪ್ಯಾಡ್ ಬೇಕು. ನಡುವೆ ಹಾಸುವ ಕಾರ್ಪೆಟ್ಟಿಗೆ ಜಾರದ ಪ್ಯಾಡ್ ಹಾಕಿ, ಪ್ರತಿ ಅಂಚಿಗೂ ಒಂದಿಂಚು ಒಳಗೆ ಇರುವಂತೆ ಕತ್ತರಿಸಿ. ನೆಲ ವಿನೈಲ್ ಆಗಿದ್ದರೆ ರಬ್ಬರ್ ಪ್ಯಾಡ್ ಬೇಡ, ಕ್ರಮೇಣ ಹಳದಿ ಕಲೆ ಬೀಳುತ್ತದೆ, ಅದು ತೊಳೆದರೂ ಹೋಗುವುದಿಲ್ಲ.

ಹೆಜ್ಜೆ 10: ದುಡ್ಡು ಕೊಡುವ ಮೊದಲು, ಮನೆಗೆ ತಂದ ಮೇಲೆ

ವಾರಂಟಿ ಎಷ್ಟು ವರ್ಷ ಅನ್ನುವುದಕ್ಕಿಂತ ಯಾವುದಕ್ಕೆ ಅನ್ನುವುದನ್ನು ಓದಿ. ಸವೆತದ ವಾರಂಟಿಗಳಲ್ಲಿ ಬಹಳಷ್ಟು ಎಳೆಯ 10 ಶೇಕಡಾಕ್ಕಿಂತ ಜಾಸ್ತಿ ಉದುರಿಹೋದರೆ ಮಾತ್ರ ಅನ್ವಯಿಸುತ್ತವೆ. ಎಳೆ ಮಲಗಿದರೆ, ಮಂಕಾದರೆ ಅದು ಸವೆತದ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ನಿಮಗೆ ನಿಜಕ್ಕೂ ಬರುವ ತೊಂದರೆಯನ್ನೇ ಹೊರಗಿಟ್ಟಿರುತ್ತಾರೆ. ಹೊರಮೈಯ ಅಂದ ಉಳಿಯುವುದಕ್ಕೆ ಬೇರೆ ವಾರಂಟಿ ಇದೆಯಾ ಅಂತ ಕೇಳಿ. ಬಿಲ್ಲಿನಲ್ಲಿ ಎಳೆ ಯಾವುದು, ಶೇಕಡಾ ಎಷ್ಟು, ಅಳತೆ ಎಷ್ಟು ಅಂತ ಬರೆಸಿ. "ಮಿಕ್ಸ್" ಅಂತ ಸುಮ್ನೆ ಬರೆದರೆ ಒಪ್ಪಬೇಡಿ. ಹಿಂಬದಿಯ ಅಂಟು, ಬಣ್ಣದಲ್ಲಿ ಹಾನಿಕರ ರಾಸಾಯನಿಕ ಇಲ್ಲ ಅನ್ನುವುದಕ್ಕೆ ಓಕೋಟೆಕ್ಸ್‌ನಂಥ ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಮಗು ಮಲಗುವ ಕೋಣೆಗಂತೂ ಕೇಳಲೇಬೇಕು.

ಹೊಸ ಕಾರ್ಪೆಟ್ಟಿನ ವಾಸನೆ ಹೆಚ್ಚಾಗಿ ಹಿಂಬದಿಯ ಲೇಟೆಕ್ಸ್‌ನಿಂದ ಬರುವುದು. ಎರಡು ಮೂರು ದಿನ ಬಿಚ್ಚಿ ಹಾಸಿ, ಕಿಟಕಿ ತೆರೆದು, ಫ್ಯಾನ್ ಹಾಕಿಡಿ. ಉಣ್ಣೆಯದಾದರೆ ಮೊದಲ ಕೆಲವು ವಾರ ವ್ಯಾಕ್ಯೂಮ್ ಮಾಡಿದಾಗೆಲ್ಲ ಉಂಡೆ ಉಂಡೆಯಾಗಿ ನವಿರಾದ ಎಳೆ ಬರುತ್ತದೆ. ಕತ್ತರಿಸುವಾಗ ಉಳಿದ ಚೂರುಗಳು ಅವು, ಗಾಬರಿ ಬೇಡ. ತಿಂಗಳುಗಟ್ಟಲೆ ಅಷ್ಟೇ ಉದುರುತ್ತಿದ್ದರೆ ಅಂಗಡಿಯವರನ್ನು ಕೇಳಿ. ಲೂಪ್ ಮತ್ತು ಶ್ಯಾಗ್‌ಗೆ ತಿರುಗುವ ಬ್ರಷ್ ಬೇಡ, ಬರೀ ಹೀರುವ ಕೊಳವೆ ಸಾಕು.

ಏನಾದರೂ ಚೆಲ್ಲಿದರೆ ಉಜ್ಜಬೇಡಿ. ಒಣ ಬಿಳಿ ಬಟ್ಟೆ ಒತ್ತಿ, ಅಂಚಿನಿಂದ ನಡುವಿಗೆ ಹೀರಿಸಿ, ಆಮೇಲೆ ತಣ್ಣೀರು. ಜಾಸ್ತಿ ನೀರು ಹೋಗಿದ್ದರೆ 24ರಿಂದ 48 ಗಂಟೆಯೊಳಗೆ ಬುಡದವರೆಗೂ ಒಣಗಬೇಕು, ಇಲ್ಲದಿದ್ದರೆ ಬೂಸ್ಟು. ಆರು ತಿಂಗಳಿಗೊಮ್ಮೆ ಕಾರ್ಪೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಹಾಸಿದರೆ ಬಿಸಿಲೂ ತುಳಿತವೂ ಎರಡು ಬದಿಗೆ ಹಂಚಿಹೋಗುತ್ತವೆ. ಒಂದು ಎಳೆ ಮೇಲೆದ್ದು ಕಂಡರೆ ಕೈ ಹಾಕಿ ಎಳೆಯಬೇಡಿ. ಉಳಿದವುಗಳ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ.